ಜಲಶುದ್ಧಿಯ ವಿದ್ಯೆಯೂ ನಮ್ಮ ಸೀಮೆಯ ಮಕ್ಕಳೂ

(ಶ್ರೀಮಠದ ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಅನುಭಾವಿಗಳೂ ಶಾಸ್ತ್ರವೇತ್ತರೂ ಮಾತನಾಡಿದ ಈ ಸ್ಥಳದಿಂದ ನೀರಿನ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ನನಗೆ ಅಪ್ಪಣೆಯಾಗಿರುವದು. ವಿಷಯವು ನೋಡಲಿಕ್ಕೆ ಸಣ್ಣದು. ಪ್ರತಿದಿನವೂ ನಮ್ಮ ತಾಯಂದಿರು ಕೊಡದಲ್ಲಿ ತುಂಬಿ ತರುವಂಥದು. ಆದರೆ ಆ ಕೊಡದೊಳಗಿನ ನೀರು ಪ್ರಾಣವನ್ನು ಉಳಿಸುವದೋ ರೋಗವನ್ನು ತರುವದೋ ಎಂಬದನ್ನು ಬಲ್ಲ ವಿದ್ಯೆಯೊಂದು ಬೆಳೆದು ನಿಂತಿರುವದು. ವಿಶ್ವವಿದ್ಯಾಲಯಗಳಲ್ಲಿ ಅದಕ್ಕೆ ಪರಿಸರ ಇಂಜಿನಿಯರಿಂಗ್ ಎಂದು ಹೆಸರು. ಆ ವಿದ್ಯೆಯು ಯಾವದು, ಅದರಿಂದ ನಮ್ಮ ಸೀಮೆಗೆ ಆಗುವ ಪ್ರಯೋಜನವೇನು, ಶ್ರೀಮಠದ ಭಕ್ತರಾದ ನಾವು ಮಾಡತಕ್ಕದ್ದೇನು, ಈ ಮೂರನ್ನೇ ಇಂದು ನಿವೇದಿಸುವೆನು.

ತಮ್ಮಲ್ಲಿ ಬಹುಜನರು ದೇವರಗುಡ್ಡದ ಸುತ್ತಣ ಹಳ್ಳಿಗಳವರು. ರಾಣೇಬೆನ್ನೂರು, ಬ್ಯಾಡಗಿ, ಹಾವೇರಿಗಳ ಕಡೆಯವರು. ದೇವರಗುಡ್ಡದ ಮಾಲತೇಶನ ಸನ್ನಿಧಿಯಲ್ಲಿ ಮಹಾನವಮಿಯ ಕಾಲಕ್ಕೆ ಗೊರವಯ್ಯನು ಬಿಲ್ಲನ್ನೇರಿ ಕಾರಣಿಕ ನುಡಿಯುವದನ್ನು ತಾವೆಲ್ಲರೂ ಬಲ್ಲಿರಿ. ಸಾವಿರಾರು ಜನರು ಉಸಿರು ಬಿಗಿಹಿಡಿದು ಆ ಒಂದು ನುಡಿಗಾಗಿ ಕಾಯುವರು. ಅದರಲ್ಲಿ ಮುಂದಿನ ಮಳೆಬೆಳೆಗಳ ಸೂಚನೆಯನ್ನು ಹುಡುಕುವರು. ಒಕ್ಕಲುತನವೇ ಜೀವನವಾದ ಸೀಮೆಯಲ್ಲಿ ಇದು ಸಹಜ. ಮಳೆ ಬರುವದು ಬಿಡುವದು ನಮ್ಮ ಕೈಯಲ್ಲಿಲ್ಲ. ಆದರೆ ಬಿದ್ದ ನೀರನ್ನು ಹೇಗೆ ಕಾಯಬೇಕು, ಕುಡಿಯುವ ನೀರನ್ನು ಹೇಗೆ ಶುದ್ಧಪಡಿಸಬೇಕು, ಬಳಸಿ ಚೆಲ್ಲಿದ ನೀರನ್ನು ಎಲ್ಲಿಗೆ ಕಳಿಸಬೇಕು ಎಂಬದು ಪೂರ್ಣವಾಗಿ ನಮ್ಮ ಕೈಯಲ್ಲಿರುವದು. ಅದಕ್ಕೆ ಕಾರಣಿಕವು ಬೇಕಾಗಿಲ್ಲ, ವಿದ್ಯೆ ಬೇಕು.

ನಮ್ಮ ಸೀಮೆಯು ನೀರಿಲ್ಲದ ಸೀಮೆಯೆಂದು ಹೇಳಬರುವದಿಲ್ಲ. ಒಂದು ಕಡೆ ತುಂಗಭದ್ರೆ, ಮತ್ತೊಂದು ಕಡೆ ವರದೆ. ಇವೆರಡೂ ಗಳಗನಾಥದ ಹತ್ತಿರ ಕೂಡುವವು. ಕುಮುದ್ವತಿಯು ಮದಗ ಮಾಸೂರಿನ ಹಿರಿಯ ಕೆರೆಯನ್ನು ತುಂಬಿ ಬಂದು ರಾಣೇಬೆನ್ನೂರು ತಾಲೂಕಿನಲ್ಲಿ ತುಂಗಭದ್ರೆಯನ್ನು ಸೇರುವದು. ಆದರೂ ನದಿಯ ದಂಡೆಯಿಂದ ದೂರವಿರುವ ಎರೆಯ ಹಳ್ಳಿಗಳಲ್ಲಿ ಬೇಸಗೆ ಬಂದರೆ ಕೊಡ ಹಿಡಿದು ನಿಲ್ಲುವದು ತಪ್ಪಿಲ್ಲ. ಬಾವಿ ಬತ್ತಿದ ಮೇಲೆ ಕೊಳವೆ ಬಾವಿಯನ್ನು ಕೊರೆಯುವೆವು. ಅದು ಬತ್ತಿದರೆ ಇನ್ನೂ ಆಳಕ್ಕೆ ಹೋಗುವೆವು. ಆಳದ ಬಂಡೆಯೊಳಗಿನಿಂದ ಬಂದ ನೀರು ಮೇಲಿನ ನೀರಿನಂಥದಲ್ಲವೆಂಬದನ್ನು ವಿಚಾರಿಸುವವರು ವಿರಳ.

ವರದೆಯ ದಂಡೆಯ ತಾಯಂದಿರು ಒಂದು ಉಪಾಯವನ್ನು ಬಲ್ಲರು. ಬೇಸಗೆಯಲ್ಲಿ ಹರಿವು ನಿಂತಾಗ ಉಸುಕಿನಲ್ಲಿ ಒರತೆ ತೋಡುವರು. ನಿಂತ ಮಡುವಿನ ನೀರು ಹಸಿರುಗಟ್ಟಿದ್ದರೂ ಒರತೆಯ ನೀರು ತಿಳಿಯಾಗಿರುವದು. ಉಸುಕಿನ ಕಣಗಳ ನಡುವಿನ ಸಂದಿಗಳಲ್ಲಿ ಮೆಲ್ಲಗೆ ಜಿನುಗುವಾಗ ರಾಡಿಯು ಹಿಂದುಳಿದು ನೀರು ಮುಂದೆ ಬರುವದು. ಇದೇ ಮರ್ಮವನ್ನು ಸರ್ ಎಂ. ವಿಶ್ವೇಶ್ವರಯ್ಯನವರು ಸಿಂಧ ಪ್ರಾಂತದ ಸಕ್ಕರ ಪಟ್ಟಣಕ್ಕಾಗಿ ಉಪಯೋಗಿಸಿದರು. ಪುಣೆಯಲ್ಲಿ ಇಂಜಿನಿಯರಿಂಗ್ ಓದಿ ಮುಂಬಯಿ ಸರಕಾರದ ನೌಕರಿಯಲ್ಲಿದ್ದ ಅವರು ೧೮೯೪-೯೫ರ ಸುಮಾರಿಗೆ ಆ ಊರಿನ ನೀರಿನ ಕೆಲಸವನ್ನು ವಹಿಸಿಕೊಂಡಾಗ ಶೋಧಕ ಹಾಸುಗಳನ್ನು ಕಟ್ಟುವಷ್ಟು ಹಣವು ಪುರಸಭೆಯಲ್ಲಿರಲಿಲ್ಲ. ಆಗ ಅವರು ಸಿಂಧೂನದಿಯ ಪಾತ್ರದಲ್ಲಿಯೇ ಬಾವಿಯನ್ನು ತೋಡಿಸಿ, ಉಸುಕಿನ ಮೂಲಕ ಜಿನುಗಿದ ನೀರನ್ನೇ ಮೇಲಕ್ಕೆತ್ತಿಸಿ ಊರಿಗೆ ಒದಗಿಸಿದರು. ಒರತೆಯನ್ನು ಬಲ್ಲ ನಮ್ಮ ಮಕ್ಕಳಿಗೆ ಈ ವಿದ್ಯೆಯು ಪರಕೀಯವಲ್ಲವೆಂಬದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಆದರೆ ಇದರಲ್ಲಿ ಇನ್ನೊಂದು ಎಚ್ಚರಿಕೆಯೂ ಇರುವದು. ನದಿಯ ಉಸುಕನ್ನು ಮಿತಿಮೀರಿ ಬಗೆದೊಯ್ದರೆ, ಪ್ರಕೃತಿಯು ಪುಕ್ಕಟೆಯಾಗಿ ಕೊಟ್ಟ ಶೋಧಕವನ್ನು ನಾವೇ ಕಿತ್ತು ಹಾಕಿದಂತಾಗುವದು.

ತಿಳಿಯಾದ ನೀರೆಲ್ಲ ಶುದ್ಧವೆಂಬ ನಂಬಿಕೆಯು ಬಹು ಹಳೆಯದು. ಅದು ಸುಳ್ಳೆಂದು ತಿಳಿಯಲಿಕ್ಕೆ ಲೋಕವು ಬಹಳ ಬೆಲೆಯನ್ನು ತೆತ್ತಿರುವದು. ೧೮೯೨ರಲ್ಲಿ ಜರ್ಮನಿಯ ಹ್ಯಾಂಬರ್ಗ ಪಟ್ಟಣದಲ್ಲಿ ಕಾಲರಾ ಹಬ್ಬಿ ಎಂಟು ಸಾವಿರಕ್ಕೂ ಮಿಕ್ಕಿ ಜನರು ಮಡಿದರು. ಅದಕ್ಕೆ ಅಂಟಿಕೊಂಡಂತೆಯೇ ಇದ್ದ ಆಲ್ಟೋನಾ ಎಂಬ ಊರಿನಲ್ಲಿ ರೋಗವು ಅಷ್ಟಾಗಿ ಹಬ್ಬಲಿಲ್ಲ. ಎರಡೂ ಊರುಗಳು ಕುಡಿಯುತ್ತಿದ್ದದ್ದು ಎಲ್ಬ ನದಿಯ ನೀರನ್ನೇ. ಆಲ್ಟೋನಾವಂತೂ ಹ್ಯಾಂಬರ್ಗಿನ ಹೊಲಸು ಕೂಡಿದ ಮೇಲಿನ ನೀರನ್ನು ಎತ್ತುತ್ತಿತ್ತು. ವ್ಯತ್ಯಾಸವಿದ್ದದ್ದು ಒಂದೇ: ಆಲ್ಟೋನಾದವರು ನೀರನ್ನು ಉಸುಕಿನ ಹಾಸಿನಲ್ಲಿ ಸೋಸಿ ಕೊಡುತ್ತಿದ್ದರು, ಹ್ಯಾಂಬರ್ಗಿನವರು ಹಾಗೆಯೇ ಕೊಡುತ್ತಿದ್ದರು. ಬೀದಿಯ ಒಂದು ಮಗ್ಗುಲಲ್ಲಿ ಸಾವು, ಇನ್ನೊಂದು ಮಗ್ಗುಲಲ್ಲಿ ಬದುಕು. ರಾಬರ್ಟ ಕಾಕ ಎಂಬ ವಿಜ್ಞಾನಿಯು ಇದನ್ನು ಪರೀಕ್ಷಿಸಿ ಲೋಕಕ್ಕೆ ತೋರಿಸಿಕೊಟ್ಟನು.

ಇಲ್ಲಿ ಒಂದು ಮಾತನ್ನು ಧೈರ್ಯದಿಂದ ಹೇಳಬೇಕಾಗಿರುವದು. ನಮ್ಮ ನಾಡಿನಲ್ಲಿ ನೀರಿನ ಶುದ್ಧಿಯನ್ನು ಬಹುಕಾಲ ಮುಟ್ಟಿದವರ ಕುಲದಿಂದ ಅಳೆದರು. ಯಾರ ಕೊಡ ಬಾವಿಗೆ ಇಳಿಯಬಹುದು, ಯಾರದು ಇಳಿಯಬಾರದು ಎಂದು ಜಗಳವಾಡಿದರು. ಅದೇ ಬಾವಿಯ ಬಾಯಿಯ ಹತ್ತಿರ ತಿಪ್ಪೆ ಇದ್ದರೆ ಅದು ಯಾರ ಕಣ್ಣಿಗೂ ಬೀಳಲಿಲ್ಲ. ರೋಗಾಣುವು ಕುಲವನ್ನು ಕೇಳುವದಿಲ್ಲ. ಶರಣರು ಎಂಟು ನೂರು ವರ್ಷಗಳ ಹಿಂದೆ ತಳ್ಳಿಹಾಕಿದ ಭೇದವನ್ನು ಪ್ರಯೋಗಶಾಲೆಯ ಗಾಜಿನ ನಳಿಕೆಯೂ ತಳ್ಳಿಹಾಕಿರುವದು. ಭಾರತೀಯ ಮಾನಕ ಸಂಸ್ಥೆಯು ೨೦೧೨ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ಮಾನಕದಂತೆ ನೂರು ಮಿಲಿಲೀಟರ್ ನೀರಿನಲ್ಲಿ ಮಲಮೂಲದ ಇ-ಕೋಲೈ ಎಂಬ ಸೂಕ್ಷ್ಮಜೀವಿಯು ಒಂದೂ ಇರಕೂಡದು. ಶುದ್ಧಿಗೆ ಇಂದು ಇರುವ ಒರೆಗಲ್ಲುಗಳಲ್ಲಿ ಇದೇ ಮೊದಲನೆಯದು.

ಇನ್ನು ಈ ವಿದ್ಯೆಯಲ್ಲಿ ಕಲಿಸುವದೇನು? ನದಿಯ ರಾಡಿನೀರು ಬಂದಿರುವದೆಂದು ತಿಳಿಯಿರಿ. ಮೊದಲು ಅದನ್ನು ಗಾಳಿಗೆ ಒಡ್ಡುವರು. ಕರಗಿದ ಕಬ್ಬಿಣದ ಅಂಶವೂ ಕೆಟ್ಟ ವಾಸನೆಯೂ ಕಡಿಮೆಯಾಗುವವು. ಬಳಿಕ ಪಟಕವನ್ನು ಬೆರೆಸಿ ಮೊದಲು ರಭಸದಿಂದಲೂ ಆಮೇಲೆ ಮೆಲ್ಲಗೂ ಕಲಕುವರು. ತಾನಾಗಿ ತಳಕ್ಕಿಳಿಯಲಾರದ ಸಣ್ಣ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ಹತ್ತಿಯ ಎಳೆಗಳಂತೆ ದಪ್ಪವಾಗಿ, ತೊಟ್ಟಿಯಲ್ಲಿ ಕೆಳಕ್ಕೆ ಕೂಡುವವು. ಮೇಲಿನ ತಿಳಿಯನ್ನು ಉಸುಕಿನ ಹಾಸಿನ ಮೂಲಕ ಸೋಸುವರು. ಕಡೆಗೆ ಕ್ಲೋರಿನ್ ಬೆರೆಸಿ ಅಳಿದುಳಿದ ರೋಗಾಣುಗಳನ್ನು ಕೊಲ್ಲುವರು. ಪ್ರತಿಯೊಂದು ಹೆಜ್ಜೆಗೂ ಲೆಕ್ಕವುಂಟು. ಪಟಕ ಎಷ್ಟು, ತೊಟ್ಟಿಯ ಅಗಲ ಎಷ್ಟು, ನೀರು ಅದರಲ್ಲಿ ನಿಲ್ಲುವ ಹೊತ್ತು ಎಷ್ಟು ಎಂಬದನ್ನು ಅಂದಾಜಿನಿಂದ ಹೇಳದೆ ಪರೀಕ್ಷೆಯಿಂದ ಗೊತ್ತುಪಡಿಸುವದೇ ಈ ಶಾಸ್ತ್ರದ ಜೀವಾಳ. ಆದುದರಿಂದ ಇದನ್ನು ಕಲಿಯುವವನು ರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಜಲಗತಿಶಾಸ್ತ್ರ, ಕಟ್ಟಡದ ಶಾಸ್ತ್ರ ಈ ನಾಲ್ಕನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಳ್ಳಬೇಕಾಗುವದು.

ಲೆಕ್ಕದ ಮಹಿಮೆಗೆ ನಮ್ಮ ಜಾತ್ರೆಯ ದೃಷ್ಟಾಂತವನ್ನೇ ಕೊಡುವೆನು. ಜಾತ್ರೆಯೊಂದಕ್ಕೆ ಒಂದು ದಿನ ೫೦,೦೦೦ ಜನರು ಕೂಡಿದರೆಂದು ಇಟ್ಟುಕೊಳ್ಳೋಣ. ಕುಡಿಯಲಿಕ್ಕೂ ಪ್ರಸಾದದ ಅಡಿಗೆಗೂ ತಲೆಗೆ ಐದು ಲೀಟರಿನಂತೆ ೨,೫೦,೦೦೦ ಲೀಟರ್ ನೀರು ಬೇಕು. ತಿಳಿಯಾದ ನೀರಾದರೆ ಲೀಟರಿಗೆ ಎರಡು ಮಿಲಿಗ್ರಾಮ್ ಕ್ಲೋರಿನ್ ಸಾಕೆಂದು ಹಿಡಿದರೆ ಒಟ್ಟು ೫೦೦ ಗ್ರಾಮ್ ಆಯಿತು. ನಾಲ್ಕನೆಯ ಒಂದು ಪಾಲು ಕ್ಲೋರಿನ್ ಇರುವ ಬ್ಲೀಚಿಂಗ್ ಪುಡಿಯನ್ನು ತಂದರೆ ಎರಡು ಕಿಲೋ ಪುಡಿ! ಐವತ್ತು ಸಾವಿರ ಜನರ ಹೊಟ್ಟೆಯ ಕಾವಲಿಗೆ ಬೇಕಾದದ್ದು ಒಂದು ಸಣ್ಣ ಚೀಲದಲ್ಲಿ ಹಿಡಿಯುವದು. ಆದರೆ ಪುಡಿಯು ತೇವದಿಂದ ಹಳಸಿದ್ದರೆ ಅದರ ಸತ್ವವು ಹೋಗಿರುವದು. ಬೆರೆಸಿದ ಮೇಲೆ ಅರ್ಧ ತಾಸಾದರೂ ಬಿಡದೆ ಹಂಚಿದರೆ ಕೆಲಸವಾಗುವದಿಲ್ಲ. ಕೊನೆಯ ನಳದಲ್ಲಿ ಲೀಟರಿಗೆ ೦.೨ ಮಿಲಿಗ್ರಾಮ್ ಆದರೂ ಉಳಿದಿರುವದೋ ಇಲ್ಲವೋ ಎಂದು ನೋಡದಿದ್ದರೆ ನಂಬಿಕೆಗೆ ಆಧಾರವಿಲ್ಲ. ಪುಡಿಯನ್ನು ಕೊಳ್ಳುವದು ಸುಲಭ. ಈ ಮೂರು ಮಾತುಗಳನ್ನು ಬಲ್ಲ ಒಬ್ಬ ಮನುಷ್ಯನು ಸಿಕ್ಕುವದು ಕಷ್ಟ. ದಾಸೋಹದ ಪುಣ್ಯವು ಅನ್ನದಲ್ಲಿ ಹೇಗೋ ಹಾಗೆ ಅನ್ನ ಬೇಯಿಸಿದ ನೀರಿನಲ್ಲಿಯೂ ಇರುವದಲ್ಲವೆ?

ಕೊಳವೆ ಬಾವಿಯ ನೀರಿನ ಮಾತು ಬೇರೆ. ಕರ್ನಾಟಕದ ಗಟ್ಟಿ ಬಂಡೆಯ ಸೀಮೆಗಳಲ್ಲಿ, ನಮ್ಮ ನೆರೆಯ ಗದಗ ಜಿಲ್ಲೆಯ ಮುಂಡರಗಿಯ ಕಡೆಯಲ್ಲಿಯೂ, ಆಳದ ನೀರಿನಲ್ಲಿ ಫ್ಲೋರೈಡ್ ಎಂಬ ಲವಣವು ಹೆಚ್ಚಾಗಿ ಸಿಕ್ಕಿರುವದು. ಅದು ಕಣ್ಣಿಗೆ ಕಾಣದು, ನಾಲಿಗೆಗೆ ತಿಳಿಯದು, ಕುದಿಸಿದರೆ ಹೋಗದು. ಮಾನಕದಂತೆ ಲೀಟರಿಗೆ ಒಂದು ಮಿಲಿಗ್ರಾಮಿನ ಒಳಗಿರಬೇಕು. ಬೇರೆ ನೀರಿಲ್ಲದಿದ್ದರೆ ಒಂದೂವರೆಯ ವರೆಗೆ ನಡೆಯಬಹುದು. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಲೆಗಟ್ಟುವವು; ಇನ್ನೂ ಹೆಚ್ಚಾದರೆ ಎಲುಬು ಬಿರುಸಾಗಿ ಬೆನ್ನು ಬಾಗುವದು. ನಾಗಪುರದ ರಾಷ್ಟ್ರೀಯ ಪರಿಸರ ಇಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯವರು ಪಟಕ, ಸುಣ್ಣ, ಬ್ಲೀಚಿಂಗ್ ಪುಡಿಗಳಿಂದ ಇದನ್ನು ತಗ್ಗಿಸುವ ಒಂದು ಸುಲಭ ಕ್ರಮವನ್ನು ಕಂಡುಹಿಡಿದು, ಅದಕ್ಕೆ ತೆಲುಗು ನಾಡಿನ ನಲಗೊಂಡೆಯ ಹೆಸರನ್ನಿಟ್ಟರು. ಇಂದು ಹಳ್ಳಿಹಳ್ಳಿಗಳಲ್ಲಿ ಕಾಣುವ ಶುದ್ಧ ನೀರಿನ ಘಟಕಗಳಲ್ಲಿ ಬೇರೊಂದು ಕ್ರಮವುಂಟು. ತೆಳುವಾದ ಪೊರೆಯ ಮೂಲಕ ನೀರನ್ನು ಒತ್ತಿ ಹಿಂಡುವರು. ಅದರಿಂದ ಒಳ್ಳೆಯ ನೀರು ಬರುವದು. ಆದರೆ ಲವಣವೆಲ್ಲ ಕೂಡಿದ ಇನ್ನೊಂದು ಪಾಲು ನೀರು ಹೊರಬೀಳುವದು. ಅದನ್ನು ಗಟಾರಕ್ಕೋ ಹೊಲಕ್ಕೋ ಬಿಟ್ಟರೆ ಒಂದು ಮನೆಯ ಕಸವನ್ನು ಇನ್ನೊಂದು ಮನೆಗೆ ಹಾಕಿದಂತೆ. ಪೊರೆಯನ್ನು ಕಾಲಕಾಲಕ್ಕೆ ತೊಳೆಯದಿದ್ದರೆ ಅದು ಕಟ್ಟಿಕೊಳ್ಳುವದು. ಘಟಕಕ್ಕೆ ಬೀಗ ಬೀಳುವದು. ಯಂತ್ರವನ್ನು ತಂದವರು ಯಂತ್ರವನ್ನು ಬಲ್ಲವನನ್ನು ತರದಿದ್ದರೆ ಆಗುವದು ಇದೇ.

ಈಗ ಮತ್ತೊಂದು ಪ್ರಶ್ನೆಯು ನಮ್ಮ ಬಾಗಿಲಿಗೆ ಬಂದಿರುವದು. ೨೦೧೯ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಜಲಜೀವನ ಯೋಜನೆಯಂತೆ ಹಳ್ಳಿಯ ಪ್ರತಿಯೊಂದು ಮನೆಗೆ ನಳ ಹಾಕಿ, ತಲೆಗೆ ದಿನಕ್ಕೆ ೫೫ ಲೀಟರ್ ನೀರು ಕೊಡಬೇಕೆಂದು ಗೊತ್ತಾಗಿರುವದು. ಬಹಳ ಸಂತೋಷದ ಮಾತು. ಆದರೆ ಐದು ಸಾವಿರ ಜನರ ಊರಿಗೆ ದಿನಕ್ಕೆ ೨,೭೫,೦೦೦ ಲೀಟರ್ ನೀರು ಒಳಗೆ ಬಂದರೆ, ಇಂಜಿನಿಯರರ ವಾಡಿಕೆಯ ಲೆಕ್ಕದಂತೆ ಅದರ ಐದರಲ್ಲಿ ನಾಲ್ಕು ಪಾಲು, ಅಂದರೆ ೨,೨೦,೦೦೦ ಲೀಟರ್, ಹೊಲಸಾಗಿ ಹೊರಗೆ ಬರುವದು. ಅದು ಹೋಗುವದೆಲ್ಲಿಗೆ? ಊರ ಮುಂದಣ ತಗ್ಗಿಗೆ, ಕೆರೆಗೆ, ಕಡೆಗೆ ನಾವು ಕುಡಿಯುವ ಬಾವಿಯ ಸೆಲೆಗೆ. ನಳವನ್ನು ಹಾಕಿಸಿದವರಿಗೆ ಹೂಮಾಲೆ ಹಾಕಿದೆವು. ಗಟಾರದ ದಾರಿಯನ್ನು ಯಾರೂ ಕೇಳಲಿಲ್ಲ.

ಬಳಸಿದ ನೀರನ್ನು ಶುದ್ಧಪಡಿಸುವ ಶಾಸ್ತ್ರವು ಕನ್ನಡನಾಡಿಗೆ ಹೊಸದಲ್ಲ. ೧೯೧೪ರಲ್ಲಿ ಇಂಗ್ಲಂಡಿನ ಮ್ಯಾಂಚೆಸ್ಟರದಲ್ಲಿ ಹೊಲಸು ನೀರಿಗೆ ಗಾಳಿಯನ್ನು ಊದಿ, ಅದರಲ್ಲಿಯೇ ಬೆಳೆದ ಸೂಕ್ಷ್ಮಜೀವಿಗಳ ಕೆಸರಿನಿಂದ ಹೊಲಸನ್ನು ತಿನ್ನಿಸುವ ಕ್ರಮವನ್ನು ಆರ್ಡನ್, ಲಾಕೆಟ್ ಎಂಬವರು ಪ್ರಕಟಿಸಿದರು. ಅವರಿಗೆ ಮಾರ್ಗದರ್ಶಕರಾಗಿದ್ದ ಗಿಲ್ಬರ್ಟ ಫೌಲರ್ ಎಂಬ ವಿದ್ವಾಂಸರು ೧೯೧೬ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಹೊಲಸನ್ನು ತಿನ್ನುವ ಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕೆಂಬದರಿಂದ ನೀರಿನ ಕೊಳೆಯನ್ನು ಅಳೆಯುವರು. ಮನೆಗಳಿಂದ ಬರುವ ಗಟ್ಟಿ ಹೊಲಸು ನೀರಿನಲ್ಲಿ ಈ ಅಳತೆಯು ಲೀಟರಿಗೆ ಇನ್ನೂರು ಮುನ್ನೂರು ಮಿಲಿಗ್ರಾಮ್ ಇರುವದುಂಟು. ಅದನ್ನು ಬಹಳಷ್ಟು ಇಳಿಸಿದ ಹೊರತು ಹೊಳೆಗೆ ಬಿಡಕೂಡದು. ಬಿಟ್ಟರೆ ಹೊಳೆಯ ಆಮ್ಲಜನಕವೇ ತೀರಿ ಮೀನುಗಳು ಸಾಯುವವು.

ತುಂಗಭದ್ರೆಯ ದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಮಾರಪಟ್ಟಣದ ಕಡೆಯ ಕಾರಖಾನೆಗಳ ಹೊಲಸು ನೀರಿನ ವಿಷಯವಾಗಿ ೧೯೮೦ರ ದಶಕದಲ್ಲಿ ನದಿಯ ದಡದ ಜನರು ಎದ್ದು ನಿಂತರು. ಸಮಾಜ ಪರಿವರ್ತನ ಸಮುದಾಯದವರು ಆ ಕೂಗನ್ನು ನಾಡಿಗೆಲ್ಲ ಮುಟ್ಟಿಸಿದರು. ಜಲಮಾಲಿನ್ಯವನ್ನು ತಡೆಯುವ ಕೇಂದ್ರದ ಕಾಯದೆಯು ೧೯೭೪ರಲ್ಲಿಯೇ ಆಗಿತ್ತು. ಅದೇ ವರ್ಷ ರಾಜ್ಯದ ಮಂಡಳಿಯೂ ಸ್ಥಾಪಿತವಾಗಿತ್ತು. ಆದರೆ ನೀರು ನಾರುವದೆಂದು ಮೂಗಿನಿಂದ ಹೇಳಿದ್ದು ಕಚೇರಿಯಲ್ಲಿ ನಿಲ್ಲುವದಿಲ್ಲ. ಎಷ್ಟು ಕೆಟ್ಟಿದೆಯೆಂದು ಅಂಕಿಯಿಂದ ಹೇಳಿದ್ದು ನಿಲ್ಲುವದು. ಆ ಅಂಕಿಯನ್ನು ತೆಗೆಯಬಲ್ಲವನು ನಮ್ಮೂರ ಮಗನೇ ಆಗಿದ್ದರೆ ನಮಗೆ ಎಷ್ಟು ಬಲವಾಗುತ್ತಿತ್ತು!

ಈ ವಿದ್ಯೆಯು ದೊರೆಯುವ ಸ್ಥಾನಗಳನ್ನು ಹೇಳುವೆನು. ಮೊದಲು ಇದನ್ನು ಸಾರ್ವಜನಿಕ ಆರೋಗ್ಯದ ಇಂಜಿನಿಯರಿಂಗ್ ಎಂದು ಕರೆಯುತ್ತಿದ್ದರು. ೧೯೩೨ರಲ್ಲಿ ಕಲಕತ್ತೆಯಲ್ಲಿ ಸ್ಥಾಪಿತವಾದ ಅಖಿಲ ಭಾರತ ಆರೋಗ್ಯಶಾಸ್ತ್ರ ಸಂಸ್ಥೆಯು ಇದರ ಹಳೆಯ ಮನೆಗಳಲ್ಲೊಂದು. ನಾಗಪುರದ ಸಂಸ್ಥೆಯು ೧೯೫೮ರಲ್ಲಿ ಹುಟ್ಟಿ, ೧೯೭೪ರಲ್ಲಿ ಇಂದಿನ ಹೆಸರನ್ನು ಪಡೆಯಿತು. ನಮ್ಮ ರಾಜ್ಯದಲ್ಲಿ ಸಿವಿಲ್ ಇಂಜಿನಿಯರಿಂಗ್ ಓದುವ ಪ್ರತಿಯೊಬ್ಬನೂ ನೀರು ಸರಬರಾಜಿನ ಮತ್ತು ಹೊಲಸು ನೀರಿನ ಪಾಠಗಳನ್ನು ಓದಲೇಬೇಕು. ಬಳಿಕ ಎರಡು ವರ್ಷ ಇದನ್ನೇ ವಿಶೇಷವಾಗಿ ಓದಿ ಎಂ.ಟೆಕ್. ಪದವಿ ಪಡೆಯಬಹುದು. ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಅದಕ್ಕೆ ಏರ್ಪಾಡು ಇರುವದು. ಸುತ್ತೂರು ಶ್ರೀಮಠದ ಮಹಾವಿದ್ಯಾಪೀಠವು ೧೯೬೩ರಲ್ಲಿ ಮೈಸೂರಿನಲ್ಲಿ ಸ್ಥಾಪಿಸಿದ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪರಿಸರ ಇಂಜಿನಿಯರಿಂಗಿಗೆ ಪ್ರತ್ಯೇಕ ವಿಭಾಗವೇ ಬೆಳೆದು ಬಂದಿತು. ಆ ಕಾಲೇಜು ೨೦೧೬ರಿಂದ ವಿಶ್ವವಿದ್ಯಾಲಯದ ಅಂಗವಾಗಿರುವದು. ಮಠವೊಂದು ನಡೆಸಿದ ಕಾಲೇಜಿನಲ್ಲಿ ಜಲಶುದ್ಧಿಯ ವಿದ್ಯೆಯು ನೆಲೆಗೊಂಡದ್ದು ನಮಗೆಲ್ಲ ಅಭಿಮಾನದ ಸಂಗತಿ. ಸಿದ್ಧಗಂಗೆಯ ಇಂಜಿನಿಯರಿಂಗ್ ಕಾಲೇಜೂ ೧೯೬೩ರದೇ. ಹುಬ್ಬಳ್ಳಿಯಲ್ಲಿ ಕೆ.ಎಲ್.ಇ. ಸಂಸ್ಥೆಯವರು ೧೯೪೭ರಲ್ಲಿಯೇ ಭೂಮರಡ್ಡಿ ಕಾಲೇಜನ್ನು ತೆರೆದರು. ಗದಗದಲ್ಲಿ ತೋಂಟದಾರ್ಯ ಮಠದ ಹೆಸರಿನ ಕಾಲೇಜು ಇರುವದು. ನಮ್ಮ ಹಾವೇರಿಯ ದೇವಗಿರಿಯಲ್ಲಿ ಸರಕಾರಿ ಕಾಲೇಜು ಇರುವದು. ದಾರಿಯು ದೂರವಿಲ್ಲ, ನಡೆಯುವವರು ಬೇಕು.

ತಂದೆತಾಯಿಗಳು ಕೇಳುವರು: “ಗಟಾರದ ನೀರನ್ನು ನೋಡಲಿಕ್ಕೆ ಮಗನನ್ನು ಓದಿಸಬೇಕೆ? ಕಂಪ್ಯೂಟರ್ ಕಲಿತರೆ ಬೆಂಗಳೂರಿನಲ್ಲಿ ಕುರ್ಚಿಯ ಮೇಲೆ ಕೂಡುವನಲ್ಲ!” ಈ ಮಾತನ್ನು ನಾನು ಹಾಸ್ಯ ಮಾಡುವದಿಲ್ಲ. ಸಾಲ ಮಾಡಿ ಓದಿಸುವ ಒಕ್ಕಲಿಗನು ಸಂಬಳದ ವಿಚಾರ ಮಾಡುವದು ನ್ಯಾಯವೇ. ಮಾಲಿನ್ಯ ನಿಯಂತ್ರಣ ಮಂಡಳಿ, ಗ್ರಾಮೀಣ ನೀರು ಸರಬರಾಜಿನ ಇಲಾಖೆ, ನಗರಗಳ ಒಳಚರಂಡಿ ಮಂಡಳಿ, ಕಾರಖಾನೆಗಳು ಇವೆಲ್ಲ ಈ ವಿದ್ಯಾವಂತರನ್ನು ಬಯಸುವವು. ಆದರೂ ಓದಿದವರಿಗೆಲ್ಲ ನೌಕರಿ ಕಾದು ನಿಂತಿರುವದೆಂದು ಹೇಳಿದರೆ ಅದು ಸತ್ಯವಾಗಲಾರದು. ಆದುದರಿಂದಲೇ ಭಾರವನ್ನು ತಂದೆತಾಯಿಗಳ ಮೇಲೆ ಮಾತ್ರ ಹೊರಿಸದೆ ಸಮಾಜವು ಹಂಚಿಕೊಳ್ಳಬೇಕೆಂಬದು ನನ್ನ ಬಿನ್ನಹ. ಗಟಾರದ ಕೆಲಸವು ಕೀಳೆಂಬ ಭಾವನೆಯನ್ನಂತೂ ನಮ್ಮಲ್ಲಿ ಯಾರೂ ಇಟ್ಟುಕೊಳ್ಳಲಾಗದು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದ ಶರಣರ ಮಕ್ಕಳು ನಾವು.

ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸಿ ನಾಡಿಗೆ ನೀರುಣಿಸಿದವರು. ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಕೆರೆ ಅಗೆಯುವ ಸಿದ್ಧರಾಮರನ್ನು ಕೆಣಕಿ, ಅರಿವಿನ ದಾರಿಯನ್ನು ತೋರಿಸಿ, ಕಲ್ಯಾಣಕ್ಕೆ ಕರೆದೊಯ್ದರೆಂದು ಶೂನ್ಯಸಂಪಾದನೆಯು ಹೇಳುವದು. ಈ ಪ್ರಸಂಗದ ಪಾರಮಾರ್ಥಿಕ ಅರ್ಥವನ್ನು ಪೂಜ್ಯರು ಬಲ್ಲರು. ಲೌಕಿಕನಾದ ನನಗೆ ತೋರುವದು ಇಷ್ಟು: ಕೆರೆಯೂ ಬೇಕು, ಅರಿವೂ ಬೇಕು. ಅರಿವಿಲ್ಲದ ಕೆರೆಯು ಕೆಲವು ವರ್ಷಗಳಲ್ಲಿ ಹೂಳು ತುಂಬುವದು. ಕೆಲಸವಿಲ್ಲದ ಅರಿವು ಪುಸ್ತಕದಲ್ಲಿಯೇ ಉಳಿಯುವದು. ವಿಶ್ವವಿದ್ಯಾಲಯದ ಪಾಠವು ಹಳ್ಳಿಯ ಬಾವಿಯ ವರೆಗೆ ಬಂದಾಗಲೇ ಎರಡೂ ಕೂಡುವವು.

ಕಡೆಗೆ ಮೂರು ಬಿನ್ನಹಗಳು. ಮೊದಲನೆಯದು: ಈ ಮಹೋತ್ಸವದ ನೆನಪಿಗಾಗಿ ಭಕ್ತರು ಒಂದು ನಿಧಿಯನ್ನು ಕೂಡಿಸಿ, ಪ್ರತಿವರ್ಷ ನಮ್ಮ ಸೀಮೆಯ ಇಬ್ಬರು ಬಡ ವಿದ್ಯಾರ್ಥಿಗಳಿಗೆ ಈ ವಿದ್ಯೆಯನ್ನು ಕಲಿಯಲು ನೆರವಾಗಲಿ, ಅವರಲ್ಲಿ ಒಬ್ಬಳು ಹೆಣ್ಣುಮಗಳಾಗಿರಲಿ. ಕೊಡವನ್ನು ಹೊತ್ತ ತಲೆಗೆ ಕೊಡದೊಳಗಿನ ನೀರಿನ ಶಾಸ್ತ್ರವು ಬೇಗ ಹತ್ತುವದು. ನೆರವು ಪಡೆದವರು ಬೇಸಗೆಯ ಸೂಟಿಯಲ್ಲಿ ಹಳ್ಳಿಗಳಿಗೆ ಹೋಗಿ ಬಾವಿ, ನಳ, ಕೊಳವೆ ಬಾವಿಗಳ ನೀರನ್ನು ಪರೀಕ್ಷಿಸಿ, ಫಲವನ್ನು ಊರ ಚಾವಡಿಯಲ್ಲಿ ಬರೆದು ತೂಗುಹಾಕಬೇಕೆಂಬದೊಂದೇ ಕರಾರು ಇರಲಿ. ಎರಡನೆಯದು: ಶ್ರೀಮಠದ ಶಾಲೆಯಲ್ಲಿ ನೀರು ಪರೀಕ್ಷಿಸುವ ಒಂದು ಸಣ್ಣ ಪೆಟ್ಟಿಗೆ ಇರಲಿ, ಎಂಟನೆಯ ಒಂಬತ್ತನೆಯ ತರಗತಿಯ ಮಕ್ಕಳು ತಮ್ಮ ಮನೆಯ ನೀರನ್ನು ತಂದು ಮಾಸ್ತರರ ಮುಂದೆ ತಾವೇ ನೋಡಲಿ. ಮೂರನೆಯದು: ಜಾತ್ರೆ ದಾಸೋಹಗಳಲ್ಲಿ ನೀರಿನ ತೊಟ್ಟಿಯ ಮೇಲ್ವಿಚಾರಣೆಗೆ ತಿಳಿದವನೊಬ್ಬನನ್ನು ನೇಮಿಸಿ, ಅಡಿಗೆಯ ಮುಖ್ಯಸ್ಥನಿಗೆ ಸಲ್ಲುವ ಗೌರವವನ್ನು ಅವನಿಗೂ ಸಲ್ಲಿಸಲಿ.

ಇವು ದೊಡ್ಡ ಮಾತುಗಳಲ್ಲ. ದೊಡ್ಡ ಹಣವೂ ಬೇಕಾಗಿಲ್ಲ. ಮುಂದಿನ ಮಹೋತ್ಸವದ ಹೊತ್ತಿಗೆ ನಮ್ಮ ಸೀಮೆಯಿಂದ ಈ ವಿದ್ಯೆಯನ್ನು ಕಲಿತವರು ಹತ್ತಾರು ಜನರಾದರೆ, ಹಲ್ಲು ಕಲೆಗಟ್ಟದ ಮಕ್ಕಳ ನಗೆಯೇ ಶ್ರೀಮಠಕ್ಕೆ ಸಲ್ಲುವ ಕಾಣಿಕೆಯಾಗುವದು. ಶ್ರೀ ಸನ್ನಿಧಿಯವರು ಈ ಬಿನ್ನಹವನ್ನು ಕೃಪಾದೃಷ್ಟಿಯಿಂದ ನೋಡಬೇಕೆಂದು ಬೇಡಿಕೊಳ್ಳುವೆನು.